ಬೀರಪ್ಪ ಕಾಕಾ ಕೇಳಿದ ದನಿ

ದೆವ್ವ, ಶಕುನ, ಮುನ್ಸೂಚನೆ ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ನಡುವೆ ಬಾಯಿ ಹಾಕಿ, ದಾಖಲೆ ಎಲ್ಲಿದೆ ಎಂದು ಕೇಳಿ ಅವರ ಉಮೇದು ಕೆಡಿಸುತ್ತಿದ್ದೆ. ನನ್ನ ಕಸುಬೇ ಹಾಗಿದೆ. ಕಂಪ್ಯೂಟರ್ ಜಾಲದೊಳಗೆ ಯಾರು ಬಂದರು, ಏನು ಮುಟ್ಟಿದರು, ಎಲ್ಲಕ್ಕೂ ಅಲ್ಲಿ ದಾಖಲೆ ಉಳಿಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಿಂದಲೇ ನನಗೆ ಸಂಬಳ ಬರುತ್ತದೆ. ಅಂಥವಳು ಈಗ ದಾಖಲೆಯೇ ಇಲ್ಲದ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನಗು ಬಂದರೆ ನಗಿರಿ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಹೊಳೆ ದಂಡೆಯ ಪಂಪ್‌ಹೌಸ್‌ಗಳ ಮೋಟಾರುಗಳನ್ನು ದೂರದಿಂದ ನೋಡಿಕೊಳ್ಳುವುದು ನಮ್ಮ ಕೆಲಸ. ಮೊದಲು ಜಮಖಂಡಿಯ ಒಂದು ಖೋಲಿಯಲ್ಲಿ ನಾಲ್ಕು ಜನ ಕೂಡುತ್ತಿದ್ದೆವು. ಆಮೇಲೆ ಗುತ್ತಿಗೆದಾರರು ಎಲ್ಲರ ಕೈಗೂ ಲ್ಯಾಪ್‌ಟಾಪ್ ಕೊಟ್ಟು, ಇಂಟರ್‌ನೆಟ್ಟಿನೊಳಗೆ ನಮಗಷ್ಟೇ ತೆರೆಯುವ ವಿಪಿಎನ್ ಎಂಬ ಭದ್ರ ದಾರಿ ಮಾಡಿಸಿ, ಮನೆಯಿಂದಲೇ ಮಾಡಿರಿ ಎಂದು ಖೋಲಿ ಖಾಲಿ ಮಾಡಿದರು. ನಾನು ಬನಹಟ್ಟಿಯಲ್ಲಿ, ಪವರ್‌ಲೂಮ್ ಮಗ್ಗಗಳ ಮೇಲಿನ ಬಾಡಿಗೆ ಮನೆಯಲ್ಲಿದ್ದೆ. ಅವ್ವ ತೀರಿಕೊಂಡ ಮೇಲೆ ಒಬ್ಬಳೇ. ಬಸ್ಸಿನ ಗದ್ದಲ ತಪ್ಪಿತಲ್ಲ ಎಂದು ಮೊದಮೊದಲು ಖುಷಿಪಟ್ಟೆ. ಆ ಖೋಲಿಯ ಚಹಾ, ಫ್ಯಾನಿಗಾಗಿ ಮಾಡುತ್ತಿದ್ದ ಜಗಳ, ಇವು ನನಗೆ ಎಷ್ಟು ಬೇಕಾಗಿದ್ದವು ಎಂಬುದು ನಿಧಾನವಾಗಿ ತಿಳಿಯಿತು.

ನಮ್ಮಲ್ಲಿ ಒಂದು ನಿಯಮವಿತ್ತು: ನೋಡಲು ಒಬ್ಬರು ಸಾಕು, ಮುಟ್ಟಲು ಇಬ್ಬರು ಬೇಕು. ಹಿಂದೊಮ್ಮೆ ದುರಸ್ತಿ ನಡೆದಾಗಲೇ ಯಾರೋ ದೂರದಿಂದ ಮೋಟಾರು ಚಾಲೂ ಮಾಡಿ, ಒಬ್ಬನ ಕೈ ಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಅಂದಿನಿಂದ ನಾನು ಪಾಸ್‌ವರ್ಡ್ ಹಾಕಿ ಕೇಳಬೇಕು, ಮುಧೋಳದಲ್ಲಿರುವ ಬೀರಪ್ಪ ಕಾಕಾ ತಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಅವರು ನಮ್ಮೆಲ್ಲರಿಗಿಂತ ಹಿರಿಯರು, ಕುರಿ ಕಾಯುವ ಮನೆತನದವರು. ಫೋನಿನಲ್ಲಿ ನಮ್ಮ ದನಿ ಕೇಳದೆ ಒಪ್ಪಿಗೆ ಕೊಡುತ್ತಲೇ ಇರಲಿಲ್ಲ.

"ಮೆಸೇಜ ಯಾರ ಬೇಕಾದ್ರೂ ಬರೀಬಹುದು ಯವ್ವಾ," ಎನ್ನುತ್ತಿದ್ದರು. "ಹಿಂಡಿನ್ಯಾಗ ತಾಯಿಕುರಿ ತನ್ನ ಮರಿನ್ನ ದನಿ ಮ್ಯಾಲ ಗುರ್ತ ಹಿಡಿತೈತಿ. ನನಗೂ ದನಿನ ಬೇಕು."

ಕಾಕಾ ನಮ್ಮನ್ನೆಲ್ಲ ಕುರಿ ಮಾಡಿದರು ಎಂದು ನಾವು ನಗುತ್ತಿದ್ದೆವು.

ಆ ಮಳೆಗಾಲದಲ್ಲಿ ನನಗೆ ಜ್ವರ ಬಂತು, ಗಂಟಲು ಬಾತಿತು. ಒಂದು ಬೆಳಿಗ್ಗೆ ಹಾಲಿನವನಿಗೆ ನಾಳೆ ಬೇಡ ಎಂದು ಹೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು. ದನಿ ಪೂರ್ತಿ ಹೋಗಿತ್ತು. ಯಾವಾಗ ಹೋಯಿತು ಎಂಬುದು ನನಗೇ ಗೊತ್ತಾಗಲಿಲ್ಲ. ಮಾತಾಡುವ ಪ್ರಸಂಗವೇ ಬಂದಿರಲಿಲ್ಲವಲ್ಲ!

ಮರುದಿನ ಸಂಜೆ ಘಟಪ್ರಭಾ ಹೊಳೆ ಏರಿತು. ಅನಗವಾಡಿ ಕಡೆಯ ಪಂಪ್‌ಹೌಸಿನ ಕ್ಯಾಮೆರಾ ತೆರೆದು ನೋಡಿದೆ. ನೀರು ಒಳಗೆ ನುಗ್ಗಿತ್ತು. ಪಂಪ್ ನಡೆಸುವ ಸಿದ್ದಪ್ಪ ಮೊಣಕಾಲುಮಟ ನೀರಿನಲ್ಲಿ, ಓಡುತ್ತಿದ್ದ ಮೋಟಾರನ್ನು ಕೈಯಿಂದ ಬಂದ್ ಮಾಡಲು ಗೋಡೆ ಹಿಡಿದು ಸ್ವಿಚ್ಚುಗಳ ಪ್ಯಾನೆಲ್ ಕಡೆ ಹೊರಟಿದ್ದ. ಪ್ಯಾನೆಲ್ಲಿನ ಕೆಳಭಾಗಕ್ಕೆ ಆಗಲೇ ನೀರು ತಾಗುತ್ತಿತ್ತು. ಅವನು ಅದನ್ನು ಮುಟ್ಟಿದರೆ ಮುಗಿಯಿತು. ಅವನಿಗೆ ಫೋನ್ ಮಾಡಿದೆ, ಮೋಟಾರಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆ?

ನಾನು ಇಲ್ಲಿಂದಲೇ ಕರೆಂಟು ಕಡಿಯಬಹುದಿತ್ತು, ಕಾಕಾ ಒಪ್ಪಿದರೆ. ವಿನಂತಿ ಕಳಿಸಿದೆ. ಗಂಟಲು ಹೋಗಿದೆ, ಅರ್ಜೆಂಟ್, ಒಪ್ಪಿಗೆ ಕೊಡಿ ಎಂದು ಮೆಸೇಜ್ ಹಾಕಿದೆ. ಅವರು ಮೆಸೇಜ್ ನೋಡುವವರಲ್ಲ. ದನಿಯಿಲ್ಲದಿದ್ದರೂ ಅಳುವ ಉಸಿರಾದರೂ ಕೇಳಲಿ ಎಂದು ಫೋನ್ ಹಚ್ಚಿದೆ. ಬ್ಯುಸಿ. ಮತ್ತೆ ಹಚ್ಚಿದೆ. ಬ್ಯುಸಿ. ಕೆಳಗೆ ಓಡಿ ಮಗ್ಗದವರನ್ನು ಕರೆಯೋಣವೆಂದರೆ, ಇಷ್ಟನ್ನೂ ಕೈಸನ್ನೆಯಲ್ಲಿ ಹೇಳಿ ಮುಗಿಸುವುದು ಯಾವಾಗ? ಸಿದ್ದಪ್ಪ ಪ್ಯಾನೆಲ್ಲಿನ ಹತ್ತಿರ ಬಂದಿದ್ದ. ಪರದೆಯ ಮುಂದೆ ಕೂತು, ಬಾರದ ದನಿಯಲ್ಲಿ, ಮುಟ್ಟಬೇಡ ಎಂದು ಚೀರಿದೆ.

ಆಗ ಒಪ್ಪಿಗೆ ಬಂತು. ತಕ್ಷಣ ಕರೆಂಟು ಕಡಿದೆ. ಪಂಪ್‌ಹೌಸ್ ಕತ್ತಲಾಯಿತು. ಬ್ಯಾಟರಿ ಮೇಲೆ ನಡೆಯುವ ಕ್ಯಾಮೆರಾದ ಬೂದು ಚಿತ್ರದಲ್ಲಿ ಸಿದ್ದಪ್ಪ ಎತ್ತಿದ ಕೈ ಹಾಗೇ ಇಟ್ಟುಕೊಂಡು ನಿಂತಿದ್ದ. ಆಮೇಲೆ ತಿರುಗಿ ಮೆಟ್ಟಿಲು ಹತ್ತಿ ಹೊರಗೆ ಹೋದ.

ಕಾಕಾ ಹೇಗೋ ಮೆಸೇಜ್ ನೋಡಿದರು ಎಂದುಕೊಂಡು ಮಲಗಿದೆ. ಮರುದಿನ ಅವರು ರೊಟ್ಟಿ ಬುತ್ತಿ ಹಿಡಿದುಕೊಂಡು ಮುಧೋಳದಿಂದ ಬಸ್ಸಿನಲ್ಲಿ ಬಂದೇಬಿಟ್ಟರು. ಬಾಗಿಲು ತೆರೆದು ಸುಮ್ಮನೆ ನಿಂತವಳನ್ನು ನೋಡಿ, "ಯಾಕ ಯವ್ವಾ, ನಿನ್ನಿ ಫೋನಿನ್ಯಾಗ ಅಷ್ಟ ಮಾತಾಡಿದಿ, ಇವತ್ತ ಮೂಕಿ ಆಗೀಯಲ್ಲ?" ಎಂದರು.

ನಾನು ಗಂಟಲು ತೋರಿಸಿದೆ. ನಿನ್ನೆ ನಾನು ಮಾತಾಡಿಲ್ಲ, ಮಾತಾಡಲು ಬರುತ್ತಲೇ ಇರಲಿಲ್ಲ ಎಂದು ಲ್ಯಾಪ್‌ಟಾಪಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆ. ಕಾಕಾ ಅದನ್ನು ಓದಿ ಕುರ್ಚಿಯ ಮೇಲೆ ಕೂತರು.

"ನಿಂದ ದನಿ," ಎಂದರು. "ಸಿದ್ದಪ್ಪ ನೀರಾಗ ನಿಂತಾನ್ರಿ, ಲಗೂನ ಒತ್ರಿ ಅಂದಿ. ಒತ್ತಿದೆ. ಆಮ್ಯಾಲೂ ನೀ ಫೋನ್ ಇಡಲಿಲ್ಲ. ಭಾಳ ದಿನ ಆತ್ರಿ ಕಾಕಾ, ನನ್ನ ಹೆಸರ ಹಿಡದ ಯಾರೂ ಕರದಿಲ್ಲ ಅಂದಿ. ಅದಕ್ಕ ಬಂದೇನಿ."

ಇಬ್ಬರ ಫೋನುಗಳನ್ನೂ ನೋಡಿದೆವು. ಕಾಕಾನ ಫೋನಿನಲ್ಲಿ ನಾನು ಹಚ್ಚಿದ ಕರೆಗಳೆಲ್ಲ ಎತ್ತದ ಕರೆಗಳಾಗಿ ಉಳಿದಿದ್ದವು. ಆ ಹೊತ್ತಿನಲ್ಲಿ ಅವರು ಯಾರೊಂದಿಗೂ ಮಾತಾಡಿದ ಗುರುತಿರಲಿಲ್ಲ. ನನ್ನ ಮೆಸೇಜನ್ನು ತೆರೆದೇ ಇರಲಿಲ್ಲ.

ನನಗೂ ಸಂಶಯಗಳು ಬಂದವು. ದನಿಯ ನಕಲು ಮಾಡುವ ಕಳ್ಳರು ಈಗ ಇದ್ದಾರೆ. ಆದರೆ ಸಿದ್ದಪ್ಪನ ಜೀವ ಉಳಿಸಲು ಯಾವ ಕಳ್ಳ ಅಷ್ಟು ಕಷ್ಟಪಟ್ಟಾನು? ಕಾಕಾ ಮೆಸೇಜನ್ನು ತೆರೆಯದೆ ಪರದೆಯ ಮೇಲೆ ಕಂಡಷ್ಟನ್ನೇ ಓದಿ ಒತ್ತಿ, ತಮ್ಮ ನಿಯಮ ಮುರಿದದ್ದಕ್ಕೆ ಕಥೆ ಕಟ್ಟಿರಬಹುದೇ? ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಮೇಲಾಗಿ ಮೆಸೇಜಿನಲ್ಲಿ ಸಿದ್ದಪ್ಪನ ಹೆಸರೇ ಇರಲಿಲ್ಲ. ಅದೂ ಹೋಗಲಿ, ಆ ಕೊನೆಯ ಮಾತು? ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಷ್ಟು ಬಿಡಿಸಿ ನನಗೆ ನಾನೇ ಕೂಡ ಹೇಳಿಕೊಂಡಿರಲಿಲ್ಲ. ಆದರೆ ಅವರ ಬಾಯಿಂದ ಕೇಳಿದಾಗ ಅದು ನನ್ನದೇ ಮಾತು ಎಂದು ತಿಳಿದು ಅಳು ಬಂತು.

ಇಬ್ಬರೂ ಉಂಡೆವು. ಕಾಕಾ ಹೊರಟು ಮೆಟ್ಟಿಲಿಳಿದರು. ಕೆಳಗೆ ಮಗ್ಗಗಳು ಜೋರಾಗಿ ಬಡಿಯುತ್ತಿದ್ದವು. ರಸ್ತೆಗೆ ಹೋದವರು ಅಲ್ಲಿಂದಲೇ ನನ್ನ ಹೆಸರು ಹಿಡಿದು ಕೂಗಿದರು. ಕಿಟಕಿಯ ಒಳಗೆ ನಿಂತು ಓ ಎನ್ನಲು ಬಾಯಿ ತೆರೆದೆ. ಗಾಳಿ ಅಷ್ಟೇ ಬಂತು.

"ಹಾಂ, ಕೇಳಸ್ತ ಬಿಡ ಯವ್ವಾ," ಎಂದು ಕಾಕಾ ಕೈ ಎತ್ತಿ ನಡೆದರು. ಅವರಿಗೆ ಏನು ಕೇಳಿಸಿತು ಎಂದು ನಾನು ಇವತ್ತಿಗೂ ಕೇಳಿಲ್ಲ.