ಅಮೀನರ ಗೋಡೆಗೆ ಹತ್ತಿದ ಅಡುಗೆಮನೆ

ಆ ದಿನವೂ ಎಂದಿನಂತೆ ಅಂಗಳಕ್ಕೆ ಸೆಗಣಿನೀರು ಹೊಡೆದೆ, ರಂಗೋಲಿ ಎಳೆದೆ, ಎಮ್ಮೆಹಾಲು ಕಾಸಿ ಇಳಿಸಿದೆ. ಅಷ್ಟರಲ್ಲಿ ಅತ್ತೆ ಜೋಳದ ಹಿಟ್ಟಿನ ಮುಂದೆ ಕೂತು ರೊಟ್ಟಿ ಬಡಿಯತೊಡಗಿದ್ದರು. ಮನೆಯಲ್ಲಿದ್ದವರು ನಾವಿಬ್ಬರೇ. ಸಪ್ಪಳ ಮಾತ್ರ ಮದುವೆಮನೆಯದು.

ಯಾಕೆಂದು ಹೇಳುತ್ತೇನೆ, ಕೇಳಿ. ಇಂಗ್ರೇಜರು ಹೋದ ವರ್ಷ ಅದು. ಗಡಿಯಾಚೆ ಸ್ವಾತಂತ್ರ್ಯ ಬಂತು. ನಮ್ಮ ಕುಕನೂರಿಗೆ ಮಾತ್ರ, ಈಗ ಇಂಗ್ರೇಜರ ಹಂಗೂ ಇಲ್ಲದ ನಿಜಾಮರೇ ಅರಸರಾಗಿ ಉಳಿದರು. ಅದು ಬೇಡವೆಂದವರು ಗದಗಿನ ಕಡೆ ಗಡಿ ದಾಟಿ ಶಿಬಿರ ಹೂಡಿದರು. ನಮ್ಮವರೂ ಅವರಲ್ಲಿ ಒಬ್ಬರು. ಪರದೇಶಕ್ಕೆ ಹಡಗು ಹತ್ತಿ ಹೋಗಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ನನ್ನ ಗಂಡ ಎತ್ತಿನ ಗಾಡಿ ಹತ್ತಿ ಹೋದರು. ಊರವರಿಗೆ "ಪಂಢರಪುರಕ್ಕ ಹೋಗ್ಯಾರ" ಎಂದು ಹೇಳಿದೆವು. ಓಣಿಯ ಅರ್ಧ ಗಂಡಸರು ಅಲ್ಲಿಗೇ ಹೋಗಿದ್ದರು. ಒಬ್ಬರೂ ತಿರುಗಿ ಬಂದಿರಲಿಲ್ಲ. ವಿಠ್ಠಲನಿಗೂ ಗಾಬರಿಯಾಗಿರಬೇಕು.

ದೇಶಕ್ಕಾಗಿ ಮನೆ ಬಿಟ್ಟವರು ಕಡಕ್ ರೊಟ್ಟಿ ಬಿಟ್ಟಿರಲಿಲ್ಲ. ಮೊಸರು ಮಾರುವ ನಾಗವ್ವ ಅದನ್ನು ಬುಟ್ಟಿಯ ತಳದಲ್ಲಿಟ್ಟು ಗಡಿ ದಾಟಿಸುತ್ತಿದ್ದಳು. ಆ ಬೆಳಗ್ಗೆ ಬಂದವಳೇ, "ಅಲ್ಲಿ ಮಂದಿ ಭಾಳ ಕೂಡ್ಯಾರ್ರಿ. ಇನ್ನ ಮುಂದ ಎರಡು ಬುಟ್ಟಿ ಬೇಕಂತ" ಎಂದಳು.

ಗೋಡೆಯಾಚೆಯದು ಪೊಲೀಸ್ ಅಮೀನರ ಮನೆ. ಇಬ್ಬರೇ ಇರುವ ಮನೆಯಲ್ಲಿ ಇಷ್ಟು ರೊಟ್ಟಿ ಯಾರಿಗೆಂದು ಅವರಿಗೆ ಸುಳಿವು ಹತ್ತಿದರೆ ಅತ್ತೆಯನ್ನು ಠಾಣೆಗೆ ಒಯ್ಯುತ್ತಾರೆ. ತಾಯಿಯನ್ನು ಬಿಡಿಸಲು ನಮ್ಮವರು ತಾವಾಗಿಯೇ ಬಂದು ಸಿಕ್ಕುಬೀಳುತ್ತಾರೆ. ಅದೇ ನನ್ನ ಜೀವ ತಿನ್ನುತ್ತಿದ್ದ ಭಯ.

"ಲಟ್ಟಣಿಗಿಲೆ ಲಟ್ಟಿಸಿದ್ರ ಸಪ್ಪಳ ಬರೂದಿಲ್ಲ, ಅತ್ತಿ" ಎಂದೆ, ಕಲಿತವಳ ಜಂಬದಿಂದ. ಲಟ್ಟಿಸಿದ್ದೂ ಆಯಿತು. ಎಬ್ಬಿಸಹೋದರೆ ರೊಟ್ಟಿ ಸೀಳಿ ತುಂಡುತುಂಡಾಗಿ ಕೈಗೆ ಬಂತು.

"ಇದು ಕುಷ್ಟಗಿ, ಇದು ಯಲಬುರ್ಗಾ" ಎಂದು ಅತ್ತೆ ಒಂದೊಂದೇ ತುಂಡು ಎತ್ತಿ ತೋರಿಸಿದರು. "ನಿನ್ನ ಗಂಡ ಯಾವ ತಾಲೂಕು ತಿನ್ನಬೇಕವಾ?"

ಮತ್ತೆ ಬಡಿಯುವುದೇ ಗತಿಯಾಯಿತು. ಸಪ್ಪಳ ಮುಚ್ಚಲು ನಾನು ಹಾಡು ಎತ್ತಿದೆ. ನನಗೆ ಬರುತ್ತಿದ್ದದ್ದು ಸಿಸ್ಟರುಗಳು ಕಲಿಸಿದ ಏಸುವಿನ ಪ್ರಾರ್ಥನೆಯೊಂದೇ. ಅತ್ತೆಯ ಕೈ ಅದಕ್ಕೇ ತಾಳ ಹಿಡಿಯಿತು, ಸಪ್ಪಳ ಇಮ್ಮಡಿಯಾಯಿತು. ಈಗಲೂ ಹಂಚು ಕಾದರೆ ಸಾಕು, ಆ ಹಾಡೇ ಬಾಯಿಗೆ ಬರುತ್ತದೆ. ಮೊಮ್ಮಕ್ಕಳು ಅದನ್ನು ರೊಟ್ಟಿಯ ಪದ ಎಂದೇ ತಿಳಿದಿದ್ದಾರೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಅಮೀನರ ಬೀಬಿಯ ಮುಖ ಕಂಡಿತು.

"ಬೆಳಿಗ್ಗಿಂದ ಭಾಳ ರೊಟ್ಟಿ ಬಡದ್ರಲ್ಲ! ಪಂಢರಪುರದವರು ಬರಾವ್ರದಾರೇನು?"

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡರು. "ಇಲ್ರಿ…" ಎಂದೆ ನಾನು.

ಬೀಬಿ ಹಿಟ್ಟು ನಾದುವ ಖಾಲಿ ಪರಾತವೊಂದನ್ನು ಗೋಡೆಯ ಮೇಲಿಂದ ನನ್ನ ಕೈಗೆ ದಾಟಿಸಿದರು. ಮುಡಿದ ಮಲ್ಲಿಗೆ ಸರಿಮಾಡಿಕೊಳ್ಳುತ್ತ ಹೇಳಿದರು: "ಅರ್ಧ ಹಿಟ್ಟು ಇದರಾಗ ಹಾಕಿ ಕೊಡು ಬೇಟಿ, ನಾಳಿ ನಾನೂ ಬಡೀತೀನಿ. ನಮ್ಮ ಸಾಹೇಬರ ಕಿವಿ ಭಾಳ ಚುರುಕು. ಆದ್ರ ಹೆಂಡ್ತಿ ಮಾಡೂ ಸಪ್ಪಳ ಯಾವ ಗಂಡಗ ಕೇಳಸ್ತೈತಿ?"