ಕುಡಿಯುವ ಮೊದಲು ಓದಿದ್ದು

ಊಟದ ಪಂಕ್ತಿಯಲ್ಲಿ ಯಾರಾದರೂ ಕೇಸರಿ ಹಾಕಿದ ಪಾಯಸ ಬಡಿಸಿದರೆ ನಾನು ಮೊದಲು ಬಟ್ಟಲನ್ನು ಓರೆ ಮಾಡಿ ತಳ ನೋಡುತ್ತೇನೆ. ಮೊನ್ನೆ ಲಿಂಗಸುಗೂರಿನಲ್ಲಿ ತಮ್ಮನ ಮೊಮ್ಮಗಳ ಮದುವೆಯಲ್ಲೂ ಹಾಗೇ ಮಾಡಿದೆ. ಪಕ್ಕದಲ್ಲಿದ್ದ ಹುಡುಗಿ, "ಏನರ ಬಿದ್ದೈತೇನ ಅಮ್ಮಾ?" ಎಂದು ಕೇಳಿದಳು. ಏನೂ ಬಿದ್ದಿರಲಿಲ್ಲ. ಆದರೆ ಕೇಸರಿಯ ವಾಸನೆ ಮೂಗಿಗೆ ಬಡಿದರೆ ಅದರ ಕೆಳಗೆ ಯಾರೋ ಏನೋ ಬರೆದಿದ್ದಾರೆ ಎಂಬ ಗುಮಾನಿ ನನ್ನನ್ನು ಇನ್ನೂ ಬಿಟ್ಟಿಲ್ಲ. ನಗಬೇಡಿ. ಕಾರಣ ಕೇಳಿದ ಮೇಲೆ ನೀವೂ ಒಮ್ಮೆ ಬಟ್ಟಲು ಓರೆ ಮಾಡಿದರೆ ಆಶ್ಚರ್ಯವಿಲ್ಲ.

ಅನುಮಾನ ನಮ್ಮ ತವರಿನ ಆಸ್ತಿ. ಹೊಸದಾಗಿ ತೋಡಿದ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ಸೀಮೆಗೆ ಸೀಮೆಯೇ ನೋಡಲು ಹೋಗಿತ್ತು. ಜನ ಅರಿಶಿನ ಕುಂಕುಮ ಹಾಕಿ ಕೈ ಮುಗಿಯುತ್ತಿದ್ದರೆ ನಮ್ಮಪ್ಪ ಬೊಗಸೆಯಲ್ಲಿ ನೀರು ಹಿಡಿದು ಮೂಸಿ ನೋಡಿದನಂತೆ. "ಕರೀಲಾರದ ತಾನ ಬಂದೈತಿ ಅಂದ್ರ ಇದಕ್ಕ ಏನೋ ಬೇಕಾಗೈತಿ" ಎಂದನಂತೆ. ಇಂಥವನ ಮಗಳನ್ನು ಮಸ್ಕಿಗೆ ಮದುವೆ ಮಾಡಿ ಕೊಟ್ಟರು. ಗಂಡ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಮೈತುಂಬ ಹೊಟ್ಟಿನ ಧೂಳು ಹೊತ್ತು ಬರುತ್ತಿದ್ದರು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ಮಗ ಅಕ್ಕಿಯ ಮಿಲ್ಲಿನಲ್ಲಿ ದುಡಿದರೂ ಅತ್ತೆಗೆ ಅಕ್ಕಿಯ ಮೇಲೆ ನಂಬಿಕೆ ಇರಲಿಲ್ಲ. ಅನ್ನ ಉಂಡರೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಕೊನೆಯವರೆಗೂ ಜೋಳದ ರೊಟ್ಟಿಯನ್ನೇ ತಿಂದರು. ಆ ಮಟ್ಟಿಗೆ ನಾವಿಬ್ಬರೂ ಒಂದೇ ಜಾತಿಯ ಜನ.

ಮದುವೆಯಾಗಿ ಕೆಲವು ವರ್ಷ ಕಳೆದರೂ ನನ್ನ ಮಡಿಲು ತುಂಬಲಿಲ್ಲ. ಓಣಿಯ ಹೆಂಗಸರು ನನ್ನ ಹೊಟ್ಟೆ ನೋಡಿಯೇ ಮಾತು ಶುರು ಮಾಡುತ್ತಿದ್ದರು. ಅದೇ ಹೊತ್ತಿಗೆ ಅತ್ತೆಯ ತಮ್ಮ ಮುದಗಲ್ಲಿನಿಂದ ಮೇಲಿಂದ ಮೇಲೆ ಬರತೊಡಗಿದ. ಆತನಿಗೆ ವಯಸ್ಸಿಗೆ ಬಂದ ಮಗಳಿದ್ದಳು. ಆತ ಬಂದಾಗ ಅತ್ತೆ ನನ್ನನ್ನು ನೀರಿಗೆ ಕಳಿಸುತ್ತಿದ್ದರು, ಕೊಡ ತುಂಬಿದ್ದರೂ ಕಳಿಸುತ್ತಿದ್ದರು. ಇದರ ಅರ್ಥ ತಿಳಿಯಲು ಬಹಳ ಬುದ್ಧಿ ಬೇಕಿರಲಿಲ್ಲ.

ಆಮೇಲೆ ಪಿಂಗಾಣಿ ಬಸಿ ಬಂತು. ಗುರುವಾರಕ್ಕೊಮ್ಮೆ ಅತ್ತೆ ಮಸೀದಿಯ ಮುಲ್ಲಾಸಾಬರ ಹತ್ತಿರ ಹೋಗಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದರು. ತಟ್ಟೆಯಂಥ ಆ ಬಿಳಿ ಬಸಿಯ ತುಂಬ ಕೇಸರಿ ನೀರಿನಲ್ಲಿ ಅರಬ್ಬಿ ಅಕ್ಷರ. ಅದರ ಮೇಲೆ ನೀರು ಸುರಿದು, ಅಕ್ಷರ ಕರಗಿ ಹಳದಿಯಾದ ಮೇಲೆ ಕುಡಿಯಬೇಕು. ನಮ್ಮ ಕಡೆ ಚಳಿಜ್ವರಕ್ಕೂ ಅಂಜಿದ ಮಕ್ಕಳಿಗೂ ಹೀಗೆ ಬರೆಸಿ ಕುಡಿಸುತ್ತಾರೆ, ಅದರಲ್ಲಿ ಹೊಸತೇನೂ ಇರಲಿಲ್ಲ. ಹೊಸತು ಎಂದರೆ ಕಟ್ಟೆಯ ಮೇಲೆ ನಾಲ್ಕು ಹೆಂಗಸರ ಎದುರಿಗೇ ನನಗೆ ಕುಡಿಸುತ್ತಿದ್ದದ್ದು, ಅದೂ ಅರ್ಧ ಮಾತ್ರ. ಉಳಿದರ್ಧವನ್ನು "ತುಳಿಯೋ ಜಾಗದಾಗ ಚೆಲ್ಲಬಾರದು" ಎಂದು ಒಳಗೆ ಒಯ್ಯುತ್ತಿದ್ದರು. ಎಲ್ಲಿ ಹಾಕುತ್ತಿದ್ದರೋ ನಾನು ಕಾಣೆ.

ನನ್ನ ತಲೆ ಕೆಲಸ ಶುರು ಮಾಡಿತು. ಇದು ಮಗುವಿಗಾಗಿ ಬರೆಸಿದ್ದೋ, ಅಥವಾ ನಾನಾಗಿಯೇ ಗಂಟು ಕಟ್ಟಿಕೊಂಡು ತವರಿಗೆ ಹೋಗಲಿ ಎಂದು ಬರೆಸಿದ್ದೋ? ನಮ್ಮ ಮಸ್ಕಿಯ ಗುಡ್ಡದ ಬಂಡೆಯ ಮೇಲೂ ಊರಲ್ಲಿ ಯಾರಿಗೂ ಓದಲು ಬಾರದ ಹಳೆಯ ಕಾಲದ ಅಕ್ಷರಗಳಿವೆ. ಆದರೆ ಆ ಬಂಡೆಯನ್ನು ತೊಳೆದು ಯಾರೂ ನನಗೆ ಕುಡಿಸುತ್ತಿರಲಿಲ್ಲ. ಹೊಟ್ಟೆಗೆ ಇಳಿಯುವ ಅಕ್ಷರ ಏನೆಂದು ನನಗೆ ಗೊತ್ತಾಗಬೇಕಿತ್ತು.

ಹಿಂದಿನ ಓಣಿಯ ಖಾಜಾಬಿ ಮಧ್ಯಾಹ್ನ ತಮ್ಮವರ ಹೆಣ್ಣುಮಕ್ಕಳಿಗೆ ಅರಬ್ಬಿ ಅಕ್ಷರಗಳ ಅಲಿಫ್ ಬೇ ಹೇಳಿಕೊಡುತ್ತಿದ್ದಳು. ಕೌದಿ ಹೊಲಿಯಲು ಕಲಿಯುತ್ತೇನೆಂದು ಅತ್ತೆಗೆ ಹೇಳಿ ಅಲ್ಲಿಗೆ ಹೋದೆ. ಖಾಜಾಬಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾಕ? ಕಲ್ತು ಏನ್ ಮಾಡ್ತಿ?"

"ಸುಮ್ನ. ಮನ್ಯಾಗ ಹೊತ್ತು ಹೋಗವಲ್ದು."

"ಹೊತ್ತು ಹೋಗಲಾರದಾಕಿ ಮಗ್ಗಲ ಮನ್ಯಾಗ ಹರಟಿ ಹೊಡೀತಾಳ. ನಾಳಿ ನಿಮ್ಮತ್ತಿ ಬಂದು, ನನ್ನ ಸೊಸಿಗೆ ಏನ್ ಕಲಿಸಿದಿ ಅಂತ ನನ್ನ ಜುಟ್ಟ ಹಿಡದ್ರ?"

ನಿಜ ಹೇಳಬೇಕಾಯಿತು. ಕೇಳಿ ಆಕೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತ ಕುಳಿತಳು. ಕಡೆಗೆ ಕೈಕಾಲು ತೊಳೆದುಕೊಂಡು ಬರಲು ಹೇಳಿದಳು. ಪುಸ್ತಕ ಮುಟ್ಟಿಸಲಿಲ್ಲ, ಪಾಟಿಯ ಮೇಲೆ ಬಳಪದಿಂದ ಬರೆದುಕೊಟ್ಟಳು.

ಆ ಅಕ್ಷರಗಳಲ್ಲಿ ನನಗೆ ಒಪ್ಪಿಗೆಯಾದದ್ದು ಅಲಿಫ್ ಒಂದೇ. ನೆಟ್ಟಗೆ ನಿಂತಿರುತ್ತದೆ, ಒಳಗೊಂದು ಹೊರಗೊಂದು ಇಲ್ಲ. ಬೇ, ತೇ, ಸೇ ಮೂರಕ್ಕೂ ಮೈ ಒಂದೇ, ಚುಕ್ಕೆ ಮಾತ್ರ ಬೇರೆ. ನನಗೆ ಇದು ಮೋಸವೆನಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ಒಂಟಿಯಾಗಿದ್ದಾಗ ಉದ್ದ ಬಾಲ ಬಿಟ್ಟುಕೊಂಡಿರುವ ಅಕ್ಷರ ನಾಲ್ವರ ನಡುವೆ ಬಂದ ಕೂಡಲೇ ಬಾಲ ಮುದುರಿ ಗುರುತೇ ಸಿಗದಂತಾಗುತ್ತದೆ. ಇಂಥವರನ್ನು ನಾನು ಅತ್ತೆಯ ತವರಿನಲ್ಲಿ ಬೇಕಾದಷ್ಟು ನೋಡಿದ್ದೆ. "ಇವನ್ನ ನಂಬೋದು ಹೆಂಗ?" ಎಂದರೆ ಖಾಜಾಬಿ, "ನಂಬಬ್ಯಾಡ, ಗುರ್ತು ಹಿಡಿ" ಎನ್ನುತ್ತಿದ್ದಳು.

ಉಚ್ಚಾರದ ಕಷ್ಟ ಬೇರೆಯೇ. ಒಂದು ಹಾ ನಮ್ಮದೇ ಹಾ, ಇನ್ನೊಂದಕ್ಕೆ ಬಿಸಿ ಚಹಾ ಕುಡಿದು ಬಾಯಿ ಸುಟ್ಟವರಂತೆ ಒಳಗಿನಿಂದ ಉಸಿರು ತೆಗೆಯಬೇಕು. ಎಲ್ಲಕ್ಕಿಂತ ಘಾತಕ ಐನ್. "ಹಲ್ಲಿನಿಂದಲ್ಲ ಬೇಟಿ, ಗಂಟಲ ತಳದಿಂದ" ಎಂದು ಖಾಜಾಬಿ ನನ್ನ ಕುತ್ತಿಗೆಗೆ ಬೆರಳಿಟ್ಟು ಒತ್ತುತ್ತಿದ್ದಳು. ನಾನು ಐನ್ ಎಂದ ಕೂಡಲೇ ಲಂಗ ತೊಟ್ಟ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಓದುವುದಕ್ಕೆ ಉಚ್ಚಾರ ಯಾಕೆ ಬೇಕೆಂದು ಜಗಳ ತೆಗೆದೆ. ಬಾಯಿಗೆ ಬಾರದ್ದು ಕಣ್ಣಿಗೂ ಬರುವುದಿಲ್ಲವೆಂದು ಆಕೆಯ ಹಟ.

ಹಾಗಾಗಿ ಮನೆಯ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ಐನ್ ಸಾಧಿಸತೊಡಗಿದೆ. ಒಂದು ಬೆಳಿಗ್ಗೆ ಗಂಟಲ ತಳದಿಂದ ಜೋರಾಗಿ ಎಳೆದೆ, ಮತ್ತೊಮ್ಮೆ ಎಳೆದೆ. ಹಿಂದಿರುಗಿ ನೋಡಿದರೆ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ.

"ವಾಂತಿ ಬರಾಕತ್ತೈತೇನು?"

ಮದುವೆಯಾದ ಹೆಣ್ಣು ಬೆಳಿಗ್ಗೆ ಓಕರಿಸಿದರೆ ಯಾವ ಅತ್ತೆಯಾದರೂ ಓಡಿಬಂದು ಬೆನ್ನು ನೀವಬೇಕು. ಇವರು ನಿಂತಲ್ಲಿಯೇ ನನ್ನನ್ನು ದಿಟ್ಟಿಸಿದರು. ಆ ನೋಟದಲ್ಲಿ ಸಂತೋಷ ಇರಲಿಲ್ಲ, ಗುಮಾನಿ ಇತ್ತು. "ಇಲ್ರೀ ಅತ್ತಿ, ಗಂಟಲಾಗ ಏನೋ ಸಿಕ್ಕಿತ್ತು" ಎಂದೆ. ಅವರು ಉಸಿರು ಬಿಟ್ಟು ಒಳಗೆ ಹೋದರು. ಮೊಮ್ಮಗು ಇಲ್ಲವೆಂದು ತಿಳಿದು ನಿರಾಳವಾಗುವ ಅತ್ತೆ ಎಲ್ಲಿಯಾದರೂ ಇದ್ದಾರೆಯೇ? ನನ್ನನ್ನು ಓಡಿಸುವ ಹುನ್ನಾರವೇ ಇದು ಎಂದು ಆ ದಿನ ಗಟ್ಟಿಯಾಯಿತು. ಅಂದು ನಾನು ರೊಟ್ಟಿ ಮುಟ್ಟಲಿಲ್ಲ.

ಮುಂದಿನ ಗುರುವಾರ ಅತ್ತೆ ಬಸಿಯನ್ನು ಅಡುಗೆಮನೆಯಲ್ಲಿಟ್ಟು ತಂಬಿಗೆಗೆ ನೀರು ತರಲು ಹೋದರು. ನಾನು ಬಸಿಯನ್ನು ಬೆಳಕಿಗೆ ಹಿಡಿದೆ. ಮೇಲಿನ ಸಾಲು ಬಿಸ್ಮಿಲ್ಲಾ, ಅದನ್ನು ಖಾಜಾಬಿ ತೋರಿಸಿಕೊಟ್ಟಿದ್ದಳು. ನಡುವಿನದು ನನ್ನ ಕಲಿಕೆಗೆ ನಿಲುಕಲಿಲ್ಲ. ಯಾರಿಗಾಗಿ ಬರೆಸಿದ್ದೋ ಅವರ ಹೆಸರು ಕೆಳಗಿರುತ್ತದೆ ಎಂದಿದ್ದಳು. ನನ್ನ ಹೆಸರಿಗೆ ಶೀನ್ ಬೇಕು, ತಲೆಯ ಮೇಲೆ ಮೂರು ಚುಕ್ಕೆ ಬೇಕು. ಕೆಳಗೆ ಎಲ್ಲಿಯೂ ಮೂರು ಚುಕ್ಕೆ ಇರಲಿಲ್ಲ. ಬೆರಳಿಟ್ಟು ಬಲದಿಂದ ಎಡಕ್ಕೆ ಬಂದೆ. ಬೇ, ಸೀನ್, ವಾವ್, ರೇ, ಅಲಿಫ್, ಜೀಮ್. ಖಾಜಾಬಿ ಕಲಿಸಿದಂತೆ ಕೂಡಿಸಿ ಬಾಯಿಬಿಟ್ಟು ಓದಿದೆ. ಅದು ನನ್ನ ಗಂಡನ ಹೆಸರು. ಮದುವೆಯಾದಂದಿನಿಂದ ಒಮ್ಮೆಯೂ ಬಾಯಲ್ಲಿ ತಾರದ ಹೆಸರು.

"ಗಂಡನ ಹೆಸರು ಹಿಡದು ಕರಿಯೂವಷ್ಟು ಸೊಕ್ಕು ಬಂತೇನಬೇ?" ಅತ್ತೆ ತಂಬಿಗೆ ಹಿಡಿದು ಬಾಗಿಲಲ್ಲಿದ್ದರು.

"ಕರೀಲಿಲ್ರೀ ಅತ್ತಿ, ಓದಿದೆ. ಇಲ್ಲಿ ಅವರ ಹೆಸರು ಐತಿ. ನನ್ನ ಹೆಸರಿಲ್ಲ."

ಅತ್ತೆ ತಂಬಿಗೆ ಕೆಳಗಿಟ್ಟು ಗೋಡೆಗೆ ಒರಗಿ ಕುಳಿತರು. ಎಲ್ಲಿ ಕಲಿತೆ ಎಂದೂ ಕೇಳಲಿಲ್ಲ.

"ಮೀಸಿ ಬರೂ ವಯಸ್ಸಿನ್ಯಾಗ ಅವಗ ಮಂಗನಬಾವು ಆಗಿತ್ತು. ಕೆಳಗೆಲ್ಲ ಬಾತು ಹಾಸಗಿ ಹಿಡದಿದ್ದ. ಇವಗ ಮಕ್ಕಳಾಗೋದು ಕಷ್ಟ ಅಂತ ರಾಯಚೂರು ಡಾಕ್ಟ್ರು ಅವತ್ತ ಅಂದಿದ್ರು" ಎಂದರು. ಉಳಿದ ಅರ್ಧ ನೀರು ಮಗನ ಮಜ್ಜಿಗೆಗೆ ಹೋಗುತ್ತಿತ್ತು. "ನೀ ಹಿತ್ತಲದಾಗ ಓಕರಿಸಿದಾಗ ನನ್ನ ಜೀವಾನ ಹೋಗಿತ್ತು. ಏನ್ ತಿಳಕೊಂಡೆ ಅಂತ ಕೇಳಬ್ಯಾಡ."

"ಮುದಗಲ್ಲ ಮಾವ?"

"ಮಗಳನ್ನ ಕೊಡ್ತೀನಿ ಅಂತಾನ. ಒಲ್ಲೆ ಅಂದೀನಿ. ಆ ಹುಡುಗಿನೂ ತಂದು ಇದ ಬಾವ್ಯಾಗ ನೂಕಲೇನು?"

ಈ ಮಾತಿಗೆ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಮೈಯೆಲ್ಲ ಉರಿಯಿತು. "ಹಂಗಾರ ನಾಕ ಮಂದಿ ಮುಂದ ನನಗ ಯಾಕ ಕುಡಿಸಿದ್ರಿ? ಬಂಜಿ ಅಂತ ನನ್ನ ಅಂದ್ರು, ನೀವು ಕೇಳಕೋತ ಕುಂತ್ರಿ."

"ಅವ ಗಂಡಸು..." ಎಂದು ಶುರು ಮಾಡಿದ ಅತ್ತೆ ಮಾತು ಮುಗಿಸಲಿಲ್ಲ. ಆ ದಿನದ ಬಸಿ ಒಣಗಿಯೇ ಹೋಯಿತು.

ಮುಂದಿನ ಗುರುವಾರ ಅವರು ಮುಲ್ಲಾಸಾಬರ ಹತ್ತಿರ ಹೋದದ್ದು ಸಂಜೆಯ ಮೇಲೆ. ಕಟ್ಟೆಯ ಮೇಲೆ ಅದೇ ಹೆಂಗಸರು ಇದ್ದರು. ನಾನು ಕುಡಿಯುವುದಿಲ್ಲವೆಂದು ಹಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಬಸ್ಸಿಳಿದು ಬಂದ ಮಗನಿಗೆ ಅತ್ತೆ ಚಪ್ಪಲಿ ಬಿಡಲೂ ಬಿಡದೆ ಬಸಿ ಹಿಡಿದರು.

"ಕುಡಿ. ಇದು ನಿನ್ನ ಹೆಸರಿಂದು."

ಅವರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಇಡೀ ಬಸಿ ಎತ್ತಿ ಕುಡಿದರು. ಯಾಕೆ ಏನು ಎಂದು ಕೇಳಲಿಲ್ಲ. ಕಟ್ಟೆಯ ಮೇಲಿನ ಮಾತು ನಿಂತುಹೋಯಿತು. ಮರುದಿನದಿಂದ ಯಾರೂ ನನ್ನ ಹೊಟ್ಟೆ ನೋಡಲಿಲ್ಲ. ಮಕ್ಕಳಂತೂ ಆಗಲಿಲ್ಲ, ಅದನ್ನು ಮುಚ್ಚಿಡುವುದೇಕೆ? ಅತ್ತೆ ತೀರಿಹೋಗುವವರೆಗೂ ನಾವಿಬ್ಬರೂ ಜಗಳವಾಡುತ್ತ ಚೆನ್ನಾಗಿಯೇ ಇದ್ದೆವು.

ಆದರೆ ಆ ಸಂಜೆ ಬಸಿ ಕುಡಿದ ನನ್ನ ಗಂಡ ಯಾಕೆ ಏನೂ ಕೇಳಲಿಲ್ಲ ಎಂಬುದು ನನ್ನೊಳಗೆ ಉಳಿದುಬಿಟ್ಟಿತು. ಹಾಸಿಗೆ ಹಿಡಿದಿದ್ದವರು ಅವರೇ, ಡಾಕ್ಟರ ಮಾತು ಕಿವಿಗೆ ಬೀಳದೆ ಇರುತ್ತದೆಯೇ? ಗೊತ್ತಿದ್ದೂ ನನಗೆ ಕುಡಿಯಲು ಬಿಟ್ಟರೇ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಪ್ರಶ್ನೆಯನ್ನು ಬಾಯಿಗೆ ತಂದಿರಲಿಲ್ಲ. ಇವತ್ತು ಇಲ್ಲಿಯವರೆಗೆ ಬರೆದವಳು ಪೆನ್ನು ಕೆಳಗಿಟ್ಟು ಪಡಸಾಲೆಗೆ ಹೋದೆ. ಅವರು ಪೇಪರ್ ಓದುತ್ತಿದ್ದರು.

"ಅವತ್ತ ನಿಮಗ ಗೊತ್ತಿತ್ತೇನ್ರಿ?"

ಪೇಪರ್ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಅಂಜಿಕಿ. ಹೇಳಿದ್ರ ನೀ ಹೋಗಿಬಿಡ್ತಿ ಅಂತ." ತಲೆಯೆತ್ತಿದರು. "ಹೋಗತಿದ್ದೇನು?"

ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಉತ್ತರ ನನ್ನ ಹತ್ತಿರ ಇತ್ತು, ಆದರೆ ಹೇಳಲಿಲ್ಲ. ಒಂದಿಷ್ಟು ದಿನ ಅವರೂ ಅನುಮಾನದಲ್ಲಿ ಇರಲಿ.