ಬಸ್ಸಿನಲ್ಲಿ ಅಕ್ಕನ ಅಳು

ಅಕ್ಕ ಹೋಗಿ ಇಪ್ಪತ್ತು ದಿನವಾಯಿತು. ಅವಳ ಬಗ್ಗೆ ಬರೆಯಲು ಕುಳಿತರೆ ಎಪ್ಪತ್ತರ ದಶಕದ ಕೊನೆಯ ಒಂದು ಮಧ್ಯಾಹ್ನದ ಬಸ್ಸೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಅಂದು ನಸುಕಿನಲ್ಲಿ ಕೂಡ್ಲಿಗಿಯ ನಮ್ಮ ಮನೆಯಲ್ಲಿ ಅವ್ವ ತೀರಿಕೊಂಡಿದ್ದಳು. ಹಿರೇಹಡಗಲಿಗೆ ಕೊಟ್ಟಿದ್ದ ಅಕ್ಕನನ್ನು ಕರೆತರಲು ನನ್ನನ್ನು ಮೊದಲ ಬಸ್ಸಿಗೆ ಕಳಿಸಿದರು. ನಮ್ಮ ಕಡೆ ಹೀಗೆ ಹೋದವನು ಸಾವಿನ ಮಾತು ಆಡುವುದಿಲ್ಲ. 'ಜಡ್ಡು ಜೋರಾಗೈತಿ, ಬಾ' ಎಂದಷ್ಟೇ ಹೇಳಬೇಕು. ಮಗಳು ತವರಿನ ಹೊಸ್ತಿಲಿಗೆ ಬಂದು, ಕಣ್ಣಾರೆ ನೋಡಿ, ಹೆಂಗಸರ ತೋಳಿನಲ್ಲಿ ಬಿದ್ದು ಅಳಬೇಕು. ದಾರಿಯಲ್ಲಿ ಗೊತ್ತಾಗಬಾರದು. ದೊಡ್ಡಮ್ಮ ಇದನ್ನು ಮೂರು ಸಲ ಹೇಳಿ ಕಳಿಸಿದ್ದಳು. ನಾನೂ ಹಾಗೇ ಹೇಳಿದೆ. ಅಕ್ಕ ಅವ್ವನಿಗೆಂದು ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಹೊರಟಳು.

ಹಡಗಲಿಯಲ್ಲಿ ಬಸ್ಸು ಬದಲಿಸಿ ಹಿಂದಿನ ಸೀಟಿನಲ್ಲಿ ಕುಳಿತೆವು. ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದವನಿಗೂ ಅದನ್ನು ಸರಿಸಿ ಕುಳಿತವನಿಗೂ ಜಗಳ ಹತ್ತಿತ್ತು.

"ಕಣ್ಣು ಕಾಣವಲ್ವೇನಲೇ? ಟವಲ್ ಹಾಕೀನಿ!"

"ಟವಲ್ಲಿಗೆ ಟಿಕೀಟ್ ತಗಸೀಯೇನು? ಮಡಚಿ ಹೆಗಲಿಗೆ ಹಾಕ್ಕೋ ಹೋಗು."

ನಮ್ಮ ಮುಂದಿದ್ದವನು ತೊಡೆಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕ್ರಿಕೆಟ್ ಕಾಮೆಂಟರಿ ಹಚ್ಚಿದ್ದ. ಮಾತಿಗಿಂತ ಗರಗರ ಸದ್ದೇ ಹೆಚ್ಚು. ನಿಂತವರೆಲ್ಲ ಅವನ ಮೇಲೆ ಬಾಗಿ, ಸ್ಕೋರ್ ಎಷ್ಟಾಯಿತೆಂದು ಕೂಗಿ ಕೇಳುತ್ತಿದ್ದರು.

"ಡಾಕ್ಟ್ರು ಏನಂದ್ರೋ?" ಅಕ್ಕ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ಸೂಜಿ ಮಾಡ್ಯಾರ" ಎಂದೆ. ಹೆಚ್ಚು ಮಾತಾಡಲು ಬಿಡದ ಆ ಗದ್ದಲ ಆಗ ನನಗೆ ಅನುಕೂಲವೇ ಆಗಿತ್ತು.

ಕೊಟ್ಟೂರಿನಲ್ಲಿ ನಮ್ಮ ಓಣಿಯವನೊಬ್ಬ ಮುಂಬಾಗಿಲಲ್ಲಿ ಹತ್ತಿದ. ಬೆಳಿಗ್ಗೆ ನಮ್ಮ ಮನೆಗೆ ಬಂದು ನೋಡಿಯೇ ಸಾಮಾನು ತರಲು ಹೋಗಿದ್ದವನು. ಜನರ ತಲೆಗಳ ಮೇಲಿಂದ ನನ್ನನ್ನು ಕಂಡ.

"ತಮ್ಮಾ, ಅಕ್ಕನ್ನ ಕರಕೊಂಡು ಬಂದ್ಯಾ?"

ಬೇಡವೆಂದು ಜೋರಾಗಿ ಕೈ ಆಡಿಸಿದೆ. ನನಗೆ ಕೇಳಿಸಲಿಲ್ಲವೆಂದುಕೊಂಡ ಅವನು ಟ್ರಾನ್ಸಿಸ್ಟರನ್ನೂ ಮೀರಿಸಿ ಕೂಗಿದ: "ಛಲೋ ಆತು ಬಿಡು! ಗುಂಡಿ ತೆಗ್ಯಾಕ ಹೋಗ್ಯಾರ. ನಿಮ್ಮವ್ವನ್ನ ಕುಂದ್ರಿಸಿ ಈಕಿ ಸಲುವಾಗೇ ಕಾಯಾಕತ್ಯಾರ!"

ಅಕ್ಕ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಗ ಅವಳ ಹೊಟ್ಟೆಯೊಳಗಿಂದ ಬಂದ ದನಿಯನ್ನು ನಾನು ಮತ್ತೆಂದೂ ಕೇಳಿಲ್ಲ.

ಟ್ರಾನ್ಸಿಸ್ಟರಿನವನು ಹಿಂತಿರುಗಿದ. "ಯವ್ವಾ, ಸ್ವಲ್ಪ ಸುಮ್ಕಿರು. ಸ್ಕೋರ್ ಕೇಳವಲ್ದು."

"ಮನಿಗೆ ಹೋಗಿ ಅಳಬೇಕವ್ವಾ, ಇದು ಬಸ್ಸು" ಎಂದ ಟವಲಿನವನು. ಇಷ್ಟು ಹೊತ್ತು ಅರಚಿದ್ದವನು ಅವನೇ.

ಎಲ್ಲರೂ ನಮ್ಮ ಕಡೆ ತಿರುಗಿದ್ದರು. ನನಗೆ ಸಿಟ್ಟು ಬರಬೇಕಿತ್ತು, ನಾಚಿಕೆ ಬಂತು. ಅಕ್ಕನ ತೋಳು ಗಟ್ಟಿಯಾಗಿ ಅದುಮಿ, "ಸಾಕು, ಸುಮ್ನಾಗು. ಜನ ನೋಡಾಕತ್ಯಾರ" ಎಂದೆ.

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೂಡ್ಲಿಗಿಯವರೆಗೆ ಅವಳ ಮೈಯ ನಡುಕ ನನ್ನ ಭುಜಕ್ಕೆ ತಾಗುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

ಮನೆಯಲ್ಲಿ ಅವಳನ್ನು ಕಂಡೊಡನೆ ಹೆಂಗಸರು ದನಿ ಎತ್ತಿದರು. ಅಕ್ಕ ದನಿಗೂಡಿಸಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನ ಮುಂದೆ ಕುಳಿತು, ಜಾರಿದ್ದ ಸೆರಗನ್ನು ಅವಳ ತಲೆಯ ಮೇಲೆ ಸರಿಮಾಡಿದಳು. ಕಣ್ಣು ಒಣಗಿದ್ದವು.

"ನೋಡ್ರೆವ್ವಾ, ಕಲ್ಲು ಇದು. ಹಡದಾಕಿಗೆ ಒಂದು ಹನಿ ಇಲ್ಲ" ಎಂದಳು ದೊಡ್ಡಮ್ಮ.

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅಕ್ಕ ಅತ್ತಳು, ನಾನೇ ಅವಳ ಬಾಯಿ ಮುಚ್ಚಿಸಿದೆ ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಆ ಮಾತು ಅಕ್ಕನನ್ನು ಬಿಡಲಿಲ್ಲ. ತವರಿನ ಮದುವೆ, ತೊಟ್ಟಿಲು, ಯಾವುದಕ್ಕೆ ಬಂದರೂ ಯಾರೋ ಒಬ್ಬರು ತೆಗೆಯುತ್ತಿದ್ದರು: ಅವ್ವ ಸತ್ತರೂ ಅಳದಾಕಿ. ಅಕ್ಕ ಒಮ್ಮೆಯೂ ನನ್ನ ಕಡೆ ಬೆರಳು ತೋರಿಸಲಿಲ್ಲ.

ಅಕ್ಕ ತೀರಿಕೊಂಡ ಮೂರನೇ ದಿನ ಅವಳ ಹಿರಿಯ ಮಗಳನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು.

"ಗೊತ್ತೈತಿ ಮಾಮಾ, ಅವ್ವ ಹೇಳಿದ್ಲು. ಎಲ್ಲಾರ ಮುಂದ ನೀ ಒಂದ್ಸಲ ಹೇಳ್ತಿ ಅಂತ ಭಾಳ ವರ್ಷ ಕಾದ್ಲು. ಆಮ್ಯಾಲ ಬಿಟ್ಲು."